ಮುಳ್ಳೆತ್ತಲು ಎದ್ದವನು

ಟ್ರ್ಯಾಮ್ ಓಡಿಸುವವನು ನಾನು, ಸಂಗೀತ ಬಲ್ಲವನಲ್ಲ.
ಅದಕ್ಕೇ ಪಂಚನಾಗಿ ಕೂರಿಸಿದರು
ಓಸ್ತ್ರಾವಾದ ಆ ಮೂರನೇ ಮಹಡಿಯ ಮನೆಯಲ್ಲಿ,
ಹೀಟರಿನ ಮೇಲೆ ಕೈಗವಸು ಒಣಗುತ್ತಿದ್ದ ಭಾನುವಾರ.

ಪಂದ್ಯ ಕಟ್ಟಿದ್ದು ಓಲ್ದ್ರಿಖ್.
ಮೂವತ್ತೊಂದು ವರ್ಷ ಗಣಿಯ ಬಾಯಲ್ಲಿ ಕೂತು
ಜನರನ್ನು ಇಳಿಸಿ, ಜನರನ್ನು ಎತ್ತಿದ ರಾಟೆಯವನು.
"ಅಡ್ಡ ಪರದೆ ಕಟ್ಟಿ. ಕೇಳಿಸಿ. ಹೇಳ್ತೇನೆ
ಕರಿ ತಟ್ಟೆ ಯಾವುದು, ಬೆಳ್ಳಿ ತಟ್ಟೆ ಯಾವುದು.
ಒಂದು ಈಗಷ್ಟೇ ಒಲೆಯಿಂದ ತೆಗೆದ ಬ್ರೆಡ್ಡು,
ಇನ್ನೊಂದು ಬ್ರೆಡ್ಡಿನ ಫೋಟೋ."

ಮಗಳು ರಾದ್ಕಾ ತುಟಿಯಂಚಿನಲ್ಲೇ ನಕ್ಕಳು.
ಆಸ್ಪತ್ರೆಯಲ್ಲಿ ಕಿವಿ ಅಳೆಯುವುದು ಅವಳ ಕೆಲಸ.
ಅಪ್ಪನ ಕಿವಿಯ ನಕ್ಷೆಯೂ ಅವಳ ಕಪಾಟಿನಲ್ಲಿದೆ:
ಮೂರು ಸಾವಿರದವರೆಗೆ ಬಯಲು,
ಆಮೇಲೆ ಕಡಿದಾದ ಇಳಿಜಾರು,
ಎಂಟು ಸಾವಿರದಾಚೆ ಬರೀ ಬಿಳಿ ಕಾಗದ.
ಸೀಡಿ ಇಪ್ಪತ್ತೆರಡು ಸಾವಿರಕ್ಕೇ ಕತ್ತರಿ ಹಾಕುತ್ತದೆಂದು
ಬಿಯರಿನ ಗ್ಲಾಸು ಕುಟ್ಟಿ ವಾದಿಸುತ್ತಾನೆ ಈತ,
ತಾನೆಂದೂ ಕಾಲಿಡದ ಸೀಮೆಯ ಗಡಿಗಾಗಿ
ದಂಡೆತ್ತಿ ಹೋಗುವ ದೊರೆಯ ಹಾಗೆ.

ಹಳೇ ಮೇಜುಬಟ್ಟೆಯೇ ಪರದೆ.
ಹಾಕಿದ್ದು ಅವರ ಗಣಿಯದೇ ಹಿತ್ತಾಳೆ ಬ್ಯಾಂಡು,
ಎಪ್ಪತ್ತೆರಡರಲ್ಲಿ ಅಚ್ಚಾದದ್ದು.

ಮೊದಲನೆಯದು ಬಂತು, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ.
ತುತ್ತೂರಿ ಒಂದೊಂದೂ ಬೇರೆ ಬೇರೆ ನಿಂತಿತ್ತು,
ನಡುನಡುವೆ ತೊಳೆದಿಟ್ಟ ಮೌನ.
ನನಗಂತೂ ಚೆನ್ನಾಗಿಯೇ ಕೇಳಿಸಿತು.
"ಸೀಡಿ," ಅಂದ, ಎರಡು ಉಸಿರಿನೊಳಗೆ. ಸರಿ.

ಎರಡನೆಯದು ಸ್ವರಕ್ಕೆ ಮೊದಲೇ ಶುರುವಾಯಿತು:
ಚಿಟ್, ಚಿಟಪಟ, ಎಲ್ಲೋ ಒಗ್ಗರಣೆಯ ಸದ್ದು.
ಓಲ್ದ್ರಿಖ್ ಕಣ್ಣು ಮುಚ್ಚಿದ.
"ಇದು. ಇದು ನಮ್ಮದು."
ಆ ದಿನಗಳಲ್ಲಿ ಕಿಟಕಿ ತೆರೆದರೆ
ಒಗೆದ ಹಾಸಿಗೆಬಟ್ಟೆ ಸಂಜೆಗೆ ಬೂದಿ ಬಣ್ಣ.
ಅದೇ ಕಲ್ಲಿದ್ದಲ ಪುಡಿ ಗೀರಿಗಿಳಿದು ಕೂತಿದೆ,
ಒಂದೊಂದು ಚಿಟಕೆಗೂ ಒಂದೊಂದು ಕಣ.
ಗಣಿ ಮುಚ್ಚಿತು, ಆಕಾಶ ತಿಳಿಯಾಯಿತು,
ಊರಿನ ಕೊನೆಯ ಹೊಗೆ ಈ ತಟ್ಟೆಯ ಮೇಲಿದೆ ಅಂದ.

ಹಳಿಯ ಸಂದಿನಲ್ಲಿ ಚಕ್ರ ತಟ್ಟಿದಾಗ
ಯಾವ ಬೀದಿ ಎಂದು ನನಗೂ ಕಣ್ಣುಮುಚ್ಚಿ ಗೊತ್ತು.
ತಲೆಯಾಡಿಸಿದೆ.

ಬದಿ ಮುಗಿಯಿತು. ಟಕ್... ಟಕ್... ಟಕ್...
ಮುಳ್ಳೆತ್ತಲು ಎದ್ದ ಓಲ್ದ್ರಿಖ್,
ಮೊಣಕಾಲು ಹಿಡಿದು, ಅಭ್ಯಾಸದಂತೆ,
ನಾವು ತಡೆಯುವ ಮೊದಲೇ ಪರದೆ ಸರಿಸಿದ.

ಕರಿ ತಟ್ಟೆ ನಿಂತೇ ಇತ್ತು.
ತೋಳು ತನ್ನ ಊರುಗೋಲಿನ ಮೇಲೆ ಮಲಗಿತ್ತು.
ಪಕ್ಕದ ಪೆಟ್ಟಿಗೆಯೊಳಗೆ ಕಾಣದೆ ತಿರುಗುತ್ತ
ಬೆಳ್ಳಿಯದು ಹೇಳುತ್ತಿತ್ತು: ಟಕ್... ಟಕ್...

"ಹೋದ ವಾರ ನಕಲು ಮಾಡಿದೆ, ಅಪ್ಪಾ," ಅಂದಳು ರಾದ್ಕಾ.
"ಧೂಳಿನ ಸಮೇತ."

ಪಂಚನಾದ ನಾನು ಚಾವಣಿ ನೋಡಿದೆ.

ಬಹಳ ಹೊತ್ತಾದ ಮೇಲೆ ಆತ ಕೇಳಿದ:
"ಈ ಧೂಳು ಒರೆಸಿದರೆ ಹೋಗುತ್ತಾ?"
"ಇಲ್ಲ."
"ಹೊಸದು ಬಂದು ಕೂರುತ್ತಾ?"
"ಅದೂ ಇಲ್ಲ."
"ಹ್ಞೂಂ."

ಮತ್ತೆ ತಾನೇ ಕರಿ ತಟ್ಟೆಯನ್ನು ತಿರುಗಲು ಬಿಟ್ಟ,
ತೋಳನ್ನು ಎರಡು ಬೆರಳಲ್ಲಿ ಹಿಡಿದ.
ಎಪ್ಪತ್ತೆಂಟು ವರ್ಷದ ಬೆರಳು ನಡುಗಿತು,
ಮುಳ್ಳು ಜಾರಿ ಕರ್ರೆಂದು ಅಡ್ಡ ಹಾಯಿತು
ಡೋಲಿನ ಮೇಲಿಂದ, ಬ್ಯಾಂಡಿನ ಅರ್ಧ ಸಾಲಿನ ಮೇಲಿಂದ.
ರಾದ್ಕಾ ಅಯ್ಯೋ ಅಂದಳು.

ಆತ ನನ್ನ ಕಡೆ ತಿರುಗಿದ, ಮೀಸೆಯಡಿ ಗೆದ್ದವನ ನಗು:
"ಇದು ಅದರಲ್ಲಿಲ್ಲ, ನೋಡು."

ಇಬ್ಬರಿಗೂ ನಾನೇ ಬಿಯರು ಕೊಡಿಸಿದೆ.
ಆ ರಾತ್ರಿ ಕೊನೆಯ ಟ್ರ್ಯಾಮಿನಲ್ಲಿ ಒಬ್ಬನೇ,
ಸೇತುವೆ ಬಳಿ ಹೊಸದಾಗಿ ಬೆಸೆದ ಹಳಿಯ ಮೇಲೆ
ಚಕ್ರ ಒಂದು ಮಾತೂ ಆಡದೆ ಜಾರಿ ಹೋಯಿತು.